ಹಾಸನದ ನಮ್ಮ ಕಾಲೇಜು ಫುಟ್‌ಬಾಲ್ ಟೀಮು: ಯಾರ ಜೊತೆ ಮ್ಯಾಚ್ ಇಡಬೇಕು, ಜನರನ್ನು ಹೇಗೆ ಕರೆತರಬೇಕು?

ಹೇಮಾವತಿ11 (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಒಂದು ಡಿಗ್ರಿ ಕಾಲೇಜಿನಲ್ಲಿ ಕೊನೆ ವರ್ಷದ ಬಿಕಾಂ ಓದುತ್ತಿದ್ದೇನೆ. ಎರಡು ವರ್ಷ ನಮ್ಮ ಟೀಮಿನಲ್ಲಿ ಲೆಫ್ಟ್ ಬ್ಯಾಕ್ ಆಡಿದೆ. ಆಮೇಲೆ ಮಂಡಿಯ ಲಿಗಮೆಂಟ್ ಹರಿಯಿತು. ಈಗ ಆಡುವುದಿಲ್ಲ, ಟೀಮಿನ ಕೆಲಸ ನೋಡಿಕೊಳ್ಳುತ್ತೇನೆ. ಬೇರೆ ಕಾಲೇಜಿಗೆ ಫೋನ್ ಮಾಡುವುದು, ಬಸ್ ಬುಕ್ ಮಾಡುವುದು, ಜೆರ್ಸಿ ಒಗೆಸುವುದು, ಗ್ರೌಂಡಿಗೆ ಸುಣ್ಣದ ಗೆರೆ ಹಾಕಿಸುವುದು, ಎಲ್ಲಾ ನನ್ನ ಮೇಲಿದೆ. ಮನಸ್ಸಿಟ್ಟು ಮಾಡುತ್ತೇನೆ. ಆದರೆ ಸರಿಯಾಗಿ ಮಾಡುತ್ತಿದ್ದೇನಾ ಅನ್ನುವುದು ಗೊತ್ತಾಗುತ್ತಿಲ್ಲ.

ನಮ್ಮದು ಮಧ್ಯಮ ಟೀಮು. ಜಿಲ್ಲೆಯ ಒಳಗೆ ಸುಮಾರಾಗಿ ಗೆಲ್ಲುತ್ತೇವೆ. ಮಂಗಳೂರು, ಬೆಂಗಳೂರಿನವರ ಮುಂದೆ ನಿಲ್ಲುವುದು ಕಷ್ಟ. ಇಂಟರ್ ಕಾಲೇಜ್ ಟೂರ್ನಮೆಂಟ್ ನಾಕೌಟ್. ಎರಡು ವರ್ಷದ ಹಿಂದೆ ಮೊದಲ ಮ್ಯಾಚಿನಲ್ಲೇ ಪೆನಾಲ್ಟಿಯಲ್ಲಿ ಸೋತೆವು. ಬೆಳಿಗ್ಗೆ ಹತ್ತೂವರೆಗೆ ಶುರುವಾಗಿದ್ದು ಹನ್ನೆರಡೂವರೆಗೆ ಮುಗಿಯಿತು. ಅಷ್ಟಕ್ಕೇ ನಮ್ಮ ವರ್ಷವೂ ಮುಗಿಯಿತು. ಮೂರು ತಿಂಗಳು ಬೆಳಿಗ್ಗೆ ಐದೂವರೆಗೆ ಎದ್ದು ಪ್ರಾಕ್ಟೀಸ್ ಮಾಡಿದ ಹುಡುಗರು ಅವತ್ತು ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ.

ಹಾಗಾಗಿ ಹೋದ ವರ್ಷ ನಾನೇ ಓಡಾಡಿ ಏಳು ಫ್ರೆಂಡ್ಲಿ ಮ್ಯಾಚ್ ಕೂಡಿಸಿದೆ. ಐದು ಹೊರಗಡೆ, ಎರಡು ಮಾತ್ರ ನಮ್ಮ ಊರಲ್ಲಿ. ಬೆಂಗಳೂರಿಗೆ ಹೋಗಿ 6–0 ಸೋತೆವು. ಬೆಳಗಿನ ಜಾವ ನಾಲ್ಕಕ್ಕೆ ಹೊರಟವರು ರಾತ್ರಿ ಹನ್ನೆರಡಕ್ಕೆ ವಾಪಸ್ ಬಂದೆವು. ನಮ್ಮ ಊರಲ್ಲಿ ಆಡಿದ ಮೊದಲ ಮ್ಯಾಚಿನಲ್ಲಿ ಎದುರಿನವರು ಆಗ ತಾನೇ ಟೀಮು ಕಟ್ಟಿದ್ದರು. 9–0 ಗೆದ್ದೆವು. ನೋಡಲು ಬಂದವರನ್ನು ಎಣಿಸಿದೆ. ಇಪ್ಪತ್ತಮೂರು ಜನ. ನಮ್ಮ ಸ್ಟ್ರೈಕರ್ ಅವತ್ತು ಬಾಕ್ಸಿನ ಹೊರಗಿಂದ ಹೊಡೆದ ಒಂದು ಗೋಲು ನಾನು ಕಣ್ಣಾರೆ ಕಂಡ ಅತ್ಯಂತ ಒಳ್ಳೆಯ ಗೋಲು. ಮ್ಯಾಚ್ ಮುಗಿದ ಮೇಲೆ ಅವನು ಕೇಳಿದ, ‘ಯಾರಾದ್ರೂ ವಿಡಿಯೋ ಮಾಡಿದ್ರಾ?’ ಯಾರೂ ಮಾಡಿರಲಿಲ್ಲ.

ಎರಡನೇ ಮ್ಯಾಚಿಗೆ ಕ್ಲಾಸ್ ಕ್ಲಾಸಿಗೂ ಹೋಗಿ ಕರೆದೆ. ನೂರೈವತ್ತು ಜನ ಬಂದು ಕೂತರು. ಅವತ್ತೇ ಬರಬೇಕಾಗಿದ್ದ ಟೀಮು ಕೈಕೊಟ್ಟಿತು. ‘ಇಂಟರ್ನಲ್ಸ್ ಇದೆ, ಬರೋಕಾಗಲ್ಲ’ ಎಂದು ಅವರು ಫೋನ್ ಮಾಡಿದ್ದು ಮ್ಯಾಚ್ ಶುರುವಾಗಲು ಅರ್ಧ ಗಂಟೆ ಇರುವಾಗ. ಬಂದವರೆಲ್ಲ ಎದ್ದು ಹೋದರು. ಆ ಫಸ್ಟ್ ಇಯರ್ ಹುಡುಗ ಹುಡುಗಿಯರು ಮತ್ತೆ ಕರೆದರೆ ಬರುತ್ತಾರಾ? ಈ ಯೋಚನೆಯಲ್ಲಿ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ನನ್ನ ಪ್ರಶ್ನೆ ಎರಡು. ಈ ವರ್ಷ ಎಂಟು ಮ್ಯಾಚ್ ಇಡಬಹುದು ಅಂದುಕೊಂಡರೆ ಎಂಥವರ ಜೊತೆ ಇಡಬೇಕು? ಇನ್ನೊಂದು, ಪಕ್ಕದ ಬಯಲಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಇದ್ದರೆ ಜನ ತುಂಬಿರುತ್ತಾರೆ. ಅವರಲ್ಲಿ ಸ್ವಲ್ಪ ಜನವಾದರೂ ನಮ್ಮ ಕಡೆ ತಿರುಗಿ ನೋಡುವ ಹಾಗೆ ಮಾಡುವುದು ಹೇಗೆ? ಕಾಲೇಜಿನಿಂದ ನಮಗೆ ಸಿಗುವುದು ವರ್ಷಕ್ಕೆ ನಲವತ್ತು ಸಾವಿರ ರೂಪಾಯಿ. ಹೋದ ವರ್ಷ ಅದರಲ್ಲಿ ಮುಕ್ಕಾಲು ಭಾಗ ಬಸ್ಸಿಗೇ ಹೋಯಿತು.


ಕಡೂರಿನ ಪಿಟಿ ಮೇಷ್ಟ್ರು

ತಮ್ಮಾ, ನಿನ್ನ ಬರಹ ಎರಡು ಸಲ ಓದಿದೆ. ನಾನು ಚಿಕ್ಕಮಗಳೂರು ಜಿಲ್ಲೆಯಲ್ಲಿ 31 ವರ್ಷ ದೈಹಿಕ ಶಿಕ್ಷಣ ಮೇಷ್ಟ್ರಾಗಿದ್ದವನು. ಈಗ ನಿವೃತ್ತ. ನೀನು ಮಾಡುತ್ತಿರುವ ಕೆಲಸ ನಾನು ಮಾಡಿದ ಕೆಲಸವೇ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಒಂದು ಮಾತು. ನೀನು ಬೆಂಗಳೂರಿಗೆ ಹೋದೆ, ಮಂಗಳೂರಿನ ಹೆಸರು ಹೇಳಿದೆ. ಚಿಕ್ಕಮಗಳೂರನ್ನು ಮರೆತೇಬಿಟ್ಟೆ. ನಿಮ್ಮೂರಿಂದ ಬೇಲೂರಿನ ಮೇಲೆ ಬಂದರೆ 60 ಕಿಲೋಮೀಟರ್ ಆಗುತ್ತದೆ, ಅಷ್ಟೇ. ಆದರೂ ಎರಡು ಊರಿನ ಡಿಗ್ರಿ ಕಾಲೇಜುಗಳು ಇಂಟರ್ ಕಾಲೇಜಿನಲ್ಲಿ ಎದುರಾಗುವುದಿಲ್ಲ. ಯಾಕೆ ಗೊತ್ತಾ? ಅದು ಒಂದೇ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ನಡುವೆ ನಡೆಯುವುದು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಶುರುವಾದಾಗ ನಮ್ಮ ಜಿಲ್ಲೆ ಶಂಕರಘಟ್ಟದ ಕಡೆಗೆ ಹೋಯಿತು. ನೀವು ಮೈಸೂರಿನಲ್ಲೇ ಉಳಿದಿರಿ. 2023ರಲ್ಲಿ ಹಾಸನಕ್ಕೇ ಬೇರೆ ವಿಶ್ವವಿದ್ಯಾಲಯ ಬಂತು. ಮೈಸೂರು, ಮಂಡ್ಯ, ಚಾಮರಾಜನಗರದ ಟೀಮುಗಳು ತಾವಾಗಿಯೇ ಎದುರು ಸಿಗುತ್ತಿದ್ದ ಕಾಲ ಮುಗಿಯಿತು. ಈಗ ಎದುರಾಳಿಯನ್ನು ನೀವೇ ಹುಡುಕಿಕೊಳ್ಳಬೇಕು.

ನಾನು ಓದುವಾಗ ಎರಡೂ ಊರು ಮೈಸೂರು ವಿಶ್ವವಿದ್ಯಾಲಯದಲ್ಲೇ ಇದ್ದವು. 1984ರಲ್ಲಿ ಹಾಸನದವರ ಜೊತೆ ಆಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ ವರ್ಷ ಬೇರೆ ಯಾರ ಜೊತೆ ಆಡಿದೆವೋ ನೆನಪಿಲ್ಲ. ಪಕ್ಕದೂರಿನವರ ಹತ್ತಿರ ಸೋತರೆ ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ ಎದುರು ಸಿಕ್ಕವರೆಲ್ಲ ಅದನ್ನೇ ಕೇಳುತ್ತಾರೆ. ಜನ ಮ್ಯಾಚ್ ನೋಡಲು ಬರುವುದು ಆ ಮಾತಿಗಾಗಿಯೇ.

ಹಾಗಾಗಿ ಮೊದಲು ಚಿಕ್ಕಮಗಳೂರಿನ ಒಂದು ಕಾಲೇಜನ್ನು ಹಿಡಿ. ಈ ವರ್ಷ ನಿಮ್ಮಲ್ಲಿ, ಮುಂದಿನ ವರ್ಷ ಅವರಲ್ಲಿ. ಬಾಯಿಮಾತು ಬೇಡ. ಎರಡೂ ಕಡೆ ಪ್ರಿನ್ಸಿಪಾಲರ ಸಹಿ ಇರುವ ಕಾಗದ ಆಗಬೇಕು. ಅದರಲ್ಲಿ ತಾರೀಖು, ಊಟ ಯಾರದು, ಬಸ್ ಯಾರದು, ರೆಫ್ರಿಗೆ ಯಾರು ಕೊಡುತ್ತಾರೆ, ಬರದಿದ್ದರೆ ಏನು ಅನ್ನುವುದು ಬರೆದಿರಬೇಕು. ಬರದವರು ಮುಂದಿನ ವರ್ಷವೂ ನಿಮ್ಮೂರಿಗೇ ಬರಬೇಕು ಎಂದು ಹಾಕು. ನಿನಗೆ ಆದದ್ದು ನನಗೂ ಆಗಿದೆ. ಆಮೇಲೆ ನಾನು ಒಂದು ಅಭ್ಯಾಸ ಇಟ್ಟುಕೊಂಡೆ. ಯಾರನ್ನೇ ಕರೆದರೂ ನಮ್ಮ ಕಾಲೇಜಿನ ಹಳೇ ವಿದ್ಯಾರ್ಥಿಗಳ ಒಂದು ಟೀಮು ಬೂಟು ಕಟ್ಟಿಕೊಂಡು ರೆಡಿ ಇರುತ್ತಿತ್ತು. ಹೊರಗಿನವರು ಬಂದರೆ ಇವರು ಕೂತು ನೋಡುತ್ತಾರೆ. ಬರದಿದ್ದರೆ ಇಳಿದು ಆಡುತ್ತಾರೆ. ಬಂದ ಜನರನ್ನು ಆಟ ತೋರಿಸದೆ ಯಾವತ್ತೂ ವಾಪಸ್ ಕಳಿಸಬಾರದು.

ಮಳೆಯ ಲೆಕ್ಕ ಹಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಸಕಲೇಶಪುರ, ಮೂಡಿಗೆರೆ ಕಡೆ ಗ್ರೌಂಡಿನಲ್ಲಿ ಚೆಂಡು ಉರುಳುವುದಿಲ್ಲ. ಆಗ ಪೂರ್ವಕ್ಕೆ ತಿರುಗು. ಅರಸೀಕೆರೆ, ಕಡೂರು, ಚನ್ನರಾಯಪಟ್ಟಣ ಬಯಲುಸೀಮೆ. ಅಲ್ಲಿ ಜುಲೈನಲ್ಲೂ ಆಡಬಹುದು. ಅರಸೀಕೆರೆ, ಕಡೂರಿಗೆ ರೈಲಿದೆ. ಹೊಳೆನರಸೀಪುರದ ಮೇಲೆ ಮೈಸೂರಿಗೂ ರೈಲಿದೆ. ಹದಿನೆಂಟು ಹುಡುಗರನ್ನು ರೈಲಲ್ಲಿ ಕರೆದುಕೊಂಡು ಹೋದರೆ ನಿನ್ನ ಬಸ್ಸಿನ ಖರ್ಚು ಎಷ್ಟೋ ಉಳಿಯುತ್ತದೆ. ಹುಡುಗರೂ ದಾರಿಯಲ್ಲಿ ಕಾಲು ಚಾಚಿ ಕೂರುತ್ತಾರೆ.

ಹಾಸನಾಂಬೆ ದರ್ಶನದ ದಿನಗಳಲ್ಲಿ ಊರಲ್ಲಿ ಮ್ಯಾಚ್ ಇಡಬೇಡ. ಜನ ಜಾಸ್ತಿ ಇರುತ್ತಾರೆ, ನಮ್ಮ ಮ್ಯಾಚಿಗೂ ಬರಬಹುದು ಅಂತ ಅನ್ನಿಸುತ್ತದೆ. ಬರುವುದಿಲ್ಲ. ಅವರು ಬಂದಿರುವುದು ದೇವಿಗೆ. ಬಸ್ಸೂ ಸಿಗುವುದಿಲ್ಲ, ಪೊಲೀಸರಿಗೂ ಪುರುಸೊತ್ತಿರುವುದಿಲ್ಲ. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆಗೆಯುತ್ತಾರೆ. ಬಲಿಪಾಡ್ಯಮಿ ಆದ ಮೇಲೆ ಮುಚ್ಚುತ್ತಾರೆ. ಕ್ಯಾಲೆಂಡರಿನಲ್ಲಿ ಅಷ್ಟು ದಿನ ಈಗಲೇ ಗೀಟು ಹಾಕಿಬಿಡು.

ಇನ್ನು ಎದುರಾಳಿಯ ಮಟ್ಟ. ಎಂಟರಲ್ಲಿ ಐದು ಮ್ಯಾಚು ನಿಮ್ಮ ಸಮಕ್ಕೆ ಇರುವವರ ಜೊತೆ ಇರಲಿ. ಗೆಲ್ಲಬಹುದು, ಸೋಲಲೂಬಹುದು ಅನ್ನುವಂಥವು. ನೋಡುವವನಿಗೂ ಅದರಲ್ಲೇ ರುಚಿ. ಒಂದೇ ಒಂದು ದೊಡ್ಡ ಟೀಮು ಸಾಕು. ಅದನ್ನು ಇಂಟರ್ ಕಾಲೇಜಿಗೆ ಮೂರು ವಾರ ಮುಂಚೆ ಇಡು. ಸೋತರೂ ತಪ್ಪು ತಿದ್ದಿಕೊಳ್ಳಲು ಟೈಮ್ ಇರುತ್ತದೆ. ವರ್ಷದ ಮೊದಲ ಮ್ಯಾಚೇ ದೊಡ್ಡವರ ಜೊತೆ ಇಟ್ಟರೆ ಹುಡುಗರು ಕುಗ್ಗುತ್ತಾರೆ. ಉಳಿದ ಎರಡನ್ನು ತಾಲ್ಲೂಕಿನ ಕಾಲೇಜುಗಳಿಗೆ ಕೊಡು. ಅವರಿಗೂ ಆಡಲು ಯಾರಾದರೂ ಬೇಕಲ್ಲ.


ಸಕಲೇಶಪುರದ ರೈಟರ್

ಮೇಷ್ಟ್ರು ಹೇಳಿದ್ದಕ್ಕೆ ನನ್ನದು ಸ್ವಲ್ಪ ಸೇರಿಸುತ್ತೇನೆ. ನಾನು ಕಾಫಿ ತೋಟದಲ್ಲಿ ರೈಟರ್, ಅಂದರೆ ಕೆಲಸದವರ ಹಾಜರಿ, ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಫುಟ್‌ಬಾಲ್ ನೋಡುವ ಜನ ಇಲ್ಲ ಅಂತ ಹಾಸನದಲ್ಲಿ ಕೂತು ಹೇಳಬೇಡಿ. ತೋಟದ ಕೆಲಸದವರು ಇರುವ ನಮ್ಮ ಲೈನ್ ಮನೆಗಳಿಗೆ ಬಂದು ನೋಡಿ. ಕೊಯ್ಲಿಗೆ ಅಸ್ಸಾಂ ಕಡೆಯಿಂದ ಬಂದ ಹುಡುಗರು ಇಲ್ಲಿದ್ದಾರೆ. ದಿನವಿಡೀ ಹಣ್ಣು ಕುಯ್ದು ಬಂದವರು ಸಂಜೆ ಕಣದ ಪಕ್ಕದ ಖಾಲಿ ಜಾಗದಲ್ಲಿ ಬರಿಗಾಲಲ್ಲಿ ಚೆಂಡು ಒದೆಯುತ್ತಾರೆ. ಕತ್ತಲಾಗಿ ಚೆಂಡು ಕಾಣದಿದ್ದರೂ ನಿಲ್ಲಿಸುವುದಿಲ್ಲ. ಇವರಿಗೆ ಮ್ಯಾಚ್ ಇದೆ ಅಂತ ಯಾರೂ ಹೇಳುವುದಿಲ್ಲ.

ನವೆಂಬರ್ ಕೊನೆಯಿಂದ ಜನವರಿ ತನಕ ಅರೇಬಿಕಾ, ಆಮೇಲೆ ರೊಬಸ್ಟಾ. ಅಷ್ಟು ದಿನವೂ ಅವರು ಇಲ್ಲೇ ಇರುತ್ತಾರೆ. ವಾರಕ್ಕೊಂದು ರಜೆ ಇರುತ್ತದೆ. ಕೆಲವು ತೋಟದಲ್ಲಿ ಭಾನುವಾರ, ಕೆಲವು ಕಡೆ ಸಂತೆ ದಿನ. ನಿಮ್ಮ ಎಂಟು ಮ್ಯಾಚಿನಲ್ಲಿ ಒಂದನ್ನು ಸಕಲೇಶಪುರಕ್ಕೆ ತನ್ನಿ. ಹಾಸನದಿಂದ 40 ಕಿಲೋಮೀಟರ್ ಅಷ್ಟೇ. ನಾನು ಹತ್ತು ತೋಟಕ್ಕೆ ಫೋನ್ ಮಾಡುತ್ತೇನೆ. ಪಿಕಪ್ ಗಾಡಿಯಲ್ಲಿ ಜನ ಬರುತ್ತಾರೆ. ಮುಂಚೆ ಒಂದು ಅರ್ಧ ಗಂಟೆ ತೋಟದ ಹುಡುಗರಿಗೇ ಸೆವೆನ್ಸ್ (ಕಡೆಗೆ ಏಳು ಜನರ ಫುಟ್‌ಬಾಲ್) ಆಡಲು ಬಿಡಿ. ಆಮೇಲೆ ನಿಮ್ಮ ಮ್ಯಾಚ್ ಇಟ್ಟರೆ ಅವರಲ್ಲಿ ಒಬ್ಬರೂ ಎದ್ದು ಹೋಗುವುದಿಲ್ಲ.

ಕೊಡವರ ಕೌಟುಂಬಿಕ ಹಾಕಿ ನೋಡಿದ್ದೀರಾ? ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದಾಗ 60 ಕುಟುಂಬದ ಟೀಮುಗಳು ಇದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಟೀಮು. ಹೆಚ್ಚಿನವರು ಹೆಸರಾಂತ ಆಟಗಾರರೇನಲ್ಲ. ಆದರೂ ಗ್ಯಾಲರಿ ತುಂಬುತ್ತದೆ. ಯಾಕೆಂದರೆ ಆಡುತ್ತಿರುವವನು ತನ್ನ ಮನೆಯವನು. ನಿಮ್ಮ ಹದಿನೆಂಟು ಹುಡುಗರು ಯಾವ ಯಾವ ಊರಿನವರು ಅಂತ ಒಂದು ಪಟ್ಟಿ ಮಾಡಿ. ಆಲೂರಿನವನು ಇದ್ದರೆ ಆಲೂರಿಗೆ ಹೋಗಿ ಅವನ ಫೋಟೋ ಇರುವ ಒಂದು ಫ್ಲೆಕ್ಸ್ ಕಟ್ಟಿ. ಅವನ ಅಪ್ಪ ಅಮ್ಮನನ್ನು ಕುರ್ಚಿ ಹಾಕಿ ಮುಂದೆ ಕೂರಿಸಿ. ನನ್ನ ತಮ್ಮ ಪಿಯುಸಿಯಲ್ಲಿ ಕಬಡ್ಡಿ ಆಡುವಾಗ ನಮ್ಮ ತಾಯಿ ಒಂದು ಸಲವೂ ಹೋಗಲಿಲ್ಲ. ಕರೆದಿರಲಿಲ್ಲ, ಅದಕ್ಕೇ. ಈಗಲೂ ಅವರಿಗೆ ಅದೊಂದು ಕೊರಗು.

ಮೈಕ್ ಮರೆಯಬೇಡಿ. ಟೆನಿಸ್ ಬಾಲ್ ಕ್ರಿಕೆಟ್ಟಿಗೆ ಅರ್ಧ ಜನ ಬರುವುದು ಮೈಕ್ ಕೇಳಿ. ರಸ್ತೆಯಲ್ಲಿ ಹೋಗುವವನು ಕಾಮೆಂಟರಿ ಕೇಳಿ ಬೈಕ್ ನಿಲ್ಲಿಸುತ್ತಾನೆ. ಫುಟ್‌ಬಾಲಿಗೂ ಕನ್ನಡದಲ್ಲಿ, ಆಡುವವನ ಊರಿನ ಹೆಸರು ಹಿಡಿದು ಹೇಳಿ. ಹೆಣ್ಣುಮಕ್ಕಳು ಬರಬೇಕು ಅಂದರೆ ಕೂರಲು ನೆರಳು, ಹತ್ತಿರದಲ್ಲಿ ಟಾಯ್ಲೆಟ್ ಬೇಕೇ ಬೇಕು. ಅದು ಇಲ್ಲದೆ ಕರೆಯಲೇಬೇಡಿ.


ಬಿಎಂ ರೋಡ್ ಹುಡುಗ

ನಾನು ಹಾಸನದವನು. ಇಂಜಿನಿಯರಿಂಗ್ ಇಲ್ಲೇ ಮುಗಿಸಿ ಎರಡು ವರ್ಷ ಅಮೆರಿಕದ ಒಹಾಯೋದಲ್ಲಿ ಓದಿದೆ. ಅಲ್ಲಿ ಫುಟ್‌ಬಾಲ್ ಅಂದರೆ ಬೇರೆಯೇ ಆಟ, ಮೊಟ್ಟೆ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು. ಆದರೆ ನೀವು ಕೇಳಿದ ಎರಡು ಪ್ರಶ್ನೆಯನ್ನು ಅಲ್ಲಿನ ಮಧ್ಯಮ ಮಟ್ಟದ ಕಾಲೇಜುಗಳು ದಿನಾ ಕೇಳಿಕೊಳ್ಳುತ್ತವೆ. ಅವು ಮ್ಯಾಚುಗಳನ್ನು ಎಷ್ಟೋ ವರ್ಷ ಮುಂಚೆಯೇ ಕಾಗದದ ಮೇಲೆ ಒಪ್ಪಿಕೊಂಡಿರುತ್ತವೆ. ಒಂದು ವರ್ಷ ನಮ್ಮಲ್ಲಿ, ಒಂದು ವರ್ಷ ನಿಮ್ಮಲ್ಲಿ ಅಂತ ಮೇಷ್ಟ್ರು ಹೇಳಿದ್ದೇ ಅಲ್ಲಿನ ರೂಢಿ.

ದೊಡ್ಡ ಕಾಲೇಜುಗಳು ಚಿಕ್ಕವರಿಗೆ ದುಡ್ಡು ಕೊಟ್ಟು ತಮ್ಮ ಸ್ಟೇಡಿಯಂಗೆ ಕರೆಸಿಕೊಳ್ಳುತ್ತವೆ. ಸುಲಭವಾಗಿ ಗೆಲ್ಲಬಹುದು ಅಂತ. 2007ರ ಸೆಪ್ಟೆಂಬರ್ 1ರಂದು ಮಿಷಿಗನ್‌ನವರು ಅಪಲೇಚಿಯನ್ ಸ್ಟೇಟ್ ಟೀಮನ್ನು 4 ಲಕ್ಷ ಡಾಲರ್ ಕೊಟ್ಟು ಕರೆಸಿದ್ದರು. ಮಿಷಿಗನ್ ಆಗ ದೇಶದಲ್ಲಿ 5ನೇ ರ‍್ಯಾಂಕ್. ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುವ ಸ್ಟೇಡಿಯಂ. ಬಂದವರು 34–32 ಗೆದ್ದು ಹೋದರು. ಕೊನೆ ಗಳಿಗೆಯಲ್ಲಿ ಮಿಷಿಗನ್ ಒದ್ದ ಕಿಕ್ಕನ್ನು ತಡೆದರು. ಆ ಕಾಲೇಜು ಇರುವುದು ಬೂನ್ ಅನ್ನುವ ಬೆಟ್ಟದ ಊರಲ್ಲಿ. ನಮ್ಮ ಮಲೆನಾಡಿನ ಹಾಗೆ ಚಿಕ್ಕ ಊರು. ಆದರೆ ಅದು ಸುಮ್ನೆ ಬಂದ ಗೆಲುವಲ್ಲ. 2005, 2006ರಲ್ಲಿ ಆ ಟೀಮು ತನ್ನ ಮಟ್ಟದ ಚಾಂಪಿಯನ್ ಆಗಿತ್ತು. ತನ್ನ ಸಮದವರನ್ನು ಮೊದಲು ಸೋಲಿಸಿ, ಆಮೇಲೆ ದೊಡ್ಡವರ ಊರಿಗೆ ಹೋಗಿತ್ತು.

ಹಾಗಾಗಿ ಬೆಂಗಳೂರಿಗೆ ಹೋಗಲೇಬೇಡಿ ಅನ್ನಲಾರೆ. ಆದರೆ ನಿಮ್ಮ ನಲವತ್ತು ಸಾವಿರ ಖರ್ಚು ಮಾಡಿ ಹೋಗಬೇಡಿ. ಅವರಿಗೆ ಎದುರಾಳಿ ಬೇಕಿದ್ದರೆ ಬಸ್ಸಿನ ಖರ್ಚು ಕೇಳಿ. ಕೇಳುವುದರಲ್ಲಿ ನಾಚಿಕೆ ಏನಿಲ್ಲ.

9–0 ಮ್ಯಾಚಿನ ಬಗ್ಗೆಯೂ ಒಂದು ಮಾತು. ಅಲ್ಲಿ ಮೇಲಿನ ಹಂತದ ಟೀಮುಗಳಿಗೆ ಸಾಮಾನ್ಯವಾಗಿ 12 ಮ್ಯಾಚ್. ಸೀಸನ್ ಮುಗಿದ ಮೇಲಿನ ದೊಡ್ಡ ಮ್ಯಾಚಿಗೆ ಹೋಗಲು 6 ಗೆಲ್ಲಬೇಕು. ಕೆಳಗಿನ ಹಂತದ ಟೀಮನ್ನು ಎಷ್ಟು ಸಲ ಸೋಲಿಸಿದರೂ ಒಂದೇ ಗೆಲುವು ಲೆಕ್ಕಕ್ಕೆ ಬರುತ್ತದೆ. ನೀವೂ ಹಾಗೇ ಮಾಡಿ. ಸುಲಭದ ಮ್ಯಾಚು ವರ್ಷಕ್ಕೆ ಒಂದು ಸಾಕು. ತಾಲ್ಲೂಕಿನವರಿಗೆ ಎರಡು ಕೊಡಿ ಅಂತ ಮೇಷ್ಟ್ರು ಹೇಳಿದ್ದನ್ನು ಇಷ್ಟಕ್ಕೆ ಮಾತ್ರ ಒಪ್ಪುವುದಿಲ್ಲ. ಎರಡನೆಯದಕ್ಕೆ ನಿಮ್ಮ ಬಿ ಟೀಮನ್ನು ಕಳಿಸಿ. ಅವರ ಮ್ಯಾಚೂ ಒಂದು ಮ್ಯಾಚ್ ಆಗುತ್ತದೆ.

ಯಾವ ದಿನ ಆಡಬೇಕು ಅನ್ನುವುದು ದೊಡ್ಡ ವಿಷಯ. ನಾನಿದ್ದ ಕಡೆ ಮಿಡ್ ಅಮೆರಿಕನ್ ಕಾನ್ಫರೆನ್ಸ್ ಅಂತ ಒಂದು ಲೀಗು. ಶನಿವಾರ ಟಿವಿಯಲ್ಲಿ ದೊಡ್ಡ ದೊಡ್ಡ ಕಾಲೇಜುಗಳೇ ಇರುತ್ತವೆ. ಅದಕ್ಕೆ ಇವರು ನವೆಂಬರ್‌ನಲ್ಲಿ ಮಂಗಳವಾರ, ಬುಧವಾರ ರಾತ್ರಿ ಆಡುತ್ತಾರೆ. ಚಳಿಗೆ ಕೈ ಮರಗಟ್ಟುತ್ತಿತ್ತು. ಸ್ಟೇಡಿಯಂ ಅರ್ಧ ಖಾಲಿ. ಆದರೆ ಅವತ್ತು ಬೇರೆ ಕಾಲೇಜು ಫುಟ್‌ಬಾಲ್ ಮ್ಯಾಚ್ ಅಷ್ಟಾಗಿ ಇರುವುದಿಲ್ಲ, ಹಾಗಾಗಿ ಆ ಆಟದ ಹುಚ್ಚಿರುವವರು ಟಿವಿಯಲ್ಲಿ ಇವರನ್ನೇ ನೋಡುತ್ತಿದ್ದರು. ಹಾಸನದಲ್ಲಿ ಭಾನುವಾರ ಅಂದರೆ ಕ್ರಿಕೆಟ್, ಮದುವೆ, ಸಂಬಂಧಿಕರ ಮನೆ. ಶನಿವಾರ ಶಾಲೆ ಬೆಳಿಗ್ಗೆ ಮಾತ್ರ. ಮಧ್ಯಾಹ್ನದ ಮೇಲೆ ಮಕ್ಕಳಿಗೆ ಏನೂ ಇರುವುದಿಲ್ಲ. ತಿಂಗಳ ಮೊದಲ ಶನಿವಾರ ನಾಲ್ಕು ಗಂಟೆಗೆ ನಮ್ಮ ಟೀಮಿನ ಮ್ಯಾಚ್ ಇರುತ್ತದೆ ಅಂತ ಊರಿಗೇ ಗೊತ್ತಾಗಬೇಕು. ಸಕಲೇಶಪುರದ ಮ್ಯಾಚ್ ಮಾತ್ರ ಅಲ್ಲಿನವರ ರಜೆ ದಿನಕ್ಕೆ ಇಡಿ.

ಬಣ್ಣ ಒಂದೇ ಇರಲಿ. ಬಾಯ್ಸಿ ಅನ್ನುವ ಊರಿನ ಕಾಲೇಜು 1986ರಲ್ಲಿ ಇಡೀ ಮೈದಾನಕ್ಕೇ ನೀಲಿ ಹಾಸು ಹಾಕಿಸಿತು. ಆಟ ಗೊತ್ತಿಲ್ಲದವರಿಗೂ ಆ ನೀಲಿ ನೆಲ ಗೊತ್ತು. ನಮ್ಮ ಬೆಂಗಳೂರು ಎಫ್‌ಸಿ 2013ರಲ್ಲಿ ಶುರುವಾಯಿತು. ಕಂಠೀರವದ ವೆಸ್ಟ್ ಬ್ಲಾಕಿನಲ್ಲಿ ನೀಲಿ ಅಂಗಿ ಹಾಕಿ ತೊಂಬತ್ತು ನಿಮಿಷವೂ ನಿಂತೇ ಹಾಡುವವರನ್ನು ನೋಡಿ. ಮೊದಲು ಕೆಲವರೇ ಒಂದೇ ಜಾಗದಲ್ಲಿ, ಒಂದೇ ಬಣ್ಣದಲ್ಲಿ ನಿಲ್ಲಲಿ. ಗ್ರೌಂಡಿನ ತುಂಬಾ ಚದುರಿ ಕೂತ ಇನ್ನೂರು ಜನರಿಗಿಂತ ಒಂದೇ ಕಡೆ ನಿಂತ ನಲವತ್ತು ಜನರ ಸದ್ದು ಆಡುವವನಿಗೆ ಚೆನ್ನಾಗಿ ಕೇಳಿಸುತ್ತದೆ.

ಆ ಗೋಲಿನ ವಿಡಿಯೋ ಇಲ್ಲ ಅಂತ ಓದಿ ಹೊಟ್ಟೆ ಉರಿಯಿತು. ಈ ಸಲ ಇಬ್ಬರನ್ನು ಅದಕ್ಕೇ ನಿಲ್ಲಿಸಿ.


ಹೇಮಾವತಿ11

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ.

ನಿನ್ನೆ ಪ್ರಿನ್ಸಿಪಾಲರ ಹತ್ತಿರ ಹೋದೆ. ಮೇಷ್ಟ್ರು ಹೇಳಿದ ಕಾಗದವನ್ನು ಬರೆದುಕೊಂಡೇ ಹೋಗಿದ್ದೆ. ಎರಡು ಸಾಲು ತಿದ್ದಿ ಸಹಿ ಮಾಡಿದರು. ಚಿಕ್ಕಮಗಳೂರಿನ ಕಾಲೇಜಿಗೂ ಫೋನ್ ಮಾಡಿದೆ. ಅಲ್ಲಿನ ಪಿಟಿ ಮೇಡಂ ‘ಹಾಸನದವರು ನಮ್ಮನ್ನು ಕರೆಯೋದು ಇದೇ ಮೊದಲು’ ಎಂದರು. ಫೆಬ್ರವರಿ ಮೊದಲ ಶನಿವಾರ ನಮ್ಮಲ್ಲಿ ಬರಲು ಒಪ್ಪಿದ್ದಾರೆ. ಮುಂದಿನ ವರ್ಷ ನಾವು ಅಲ್ಲಿಗೆ. ಆಗ ನಾನು ಕಾಲೇಜಿನಲ್ಲಿ ಇರುವುದಿಲ್ಲ. ಆದರೂ ಬಸ್ಸಿನಲ್ಲಿ ಹೋಗಿಯೇ ಹೋಗುತ್ತೇನೆ.

ಹದಿನೆಂಟು ಹುಡುಗರ ಊರಿನ ಪಟ್ಟಿ ಮಾಡಿದೆ. ನಾಲ್ಕು ಜನ ಅರಕಲಗೂಡು ಕಡೆಯವರು. ಎರಡು ವರ್ಷ ಜೊತೆಗೆ ಆಡಿದ್ದೇವೆ, ನನಗೆ ಗೊತ್ತೇ ಇರಲಿಲ್ಲ. ನಮ್ಮ ಗೋಲ್‌ಕೀಪರ್‌ನ ಅಮ್ಮ ಹೂವು ಕಟ್ಟಿ ಮಾರುತ್ತಾರೆ. ‘ಅಮ್ಮ ಸಂಜೆ ಬರೋಕಾಗಲ್ಲ, ವ್ಯಾಪಾರದ ಹೊತ್ತು’ ಎಂದ. ಅವರು ಗ್ರೌಂಡಿನ ಗೇಟಿನಲ್ಲೇ ಬುಟ್ಟಿ ಇಟ್ಟುಕೊಂಡು ಕೂರಲಿ ಅಂತ ನಾವೆಲ್ಲ ಮಾತಾಡಿಕೊಂಡಿದ್ದೇವೆ. ಅಲ್ಲಿಂದ ಗೋಲ್ ಪೋಸ್ಟ್ ಕಾಣುತ್ತದೆ.

ರೈಟರ್ ಅಣ್ಣ, ಸಕಲೇಶಪುರದ ಮ್ಯಾಚ್ ಖಂಡಿತ ಇಡುತ್ತೇವೆ. ಕೊಯ್ಲು ಮುಗಿಯುವ ಮುಂಚೆ, ಜನವರಿಯಲ್ಲಿ. ನಿಮ್ಮ ಕಡೆ ಯಾವ ದಿನ ರಜೆ ಅಂತ ತಿಳಿಸಿ. ತೋಟದ ಹುಡುಗರ ಸೆವೆನ್ಸಿಗೆ ನಮ್ಮ ಹಳೇ ಜೆರ್ಸಿ ಎರಡು ಸೆಟ್ ಕೊಡುತ್ತೇವೆ, ಒಗೆಸಿ ಇಟ್ಟಿದ್ದೇನೆ. ಕಾಲೇಜಿನ ಬಣ್ಣ ಹಸಿರು ಅಂತ ತೀರ್ಮಾನ ಆಯಿತು, ಹೊಸ ಸೆಟ್ ಅದೇ.

ಒಂದೇ ಒಂದು ಸಿಕ್ಕಿಲ್ಲ. ಮೈಕಿನಲ್ಲಿ ಫುಟ್‌ಬಾಲಿಗೆ ಕನ್ನಡ ಕಾಮೆಂಟರಿ ಹೇಳುವವರು. ಕ್ರಿಕೆಟ್ಟಿಗೆ ಹೇಳುವ ಇಬ್ಬರನ್ನು ಕೇಳಿದೆ. ಆಫ್‌ಸೈಡ್ ಗೊತ್ತಿಲ್ಲ ಎಂದರು. ಯಾರಾದರೂ ಇದ್ದೀರಾ?


ಕಡೂರಿನ ಪಿಟಿ ಮೇಷ್ಟ್ರು

ನಾನು ಬರುತ್ತೇನೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಅಲ್ಲಿರುತ್ತೇನೆ. ಹುಡುಗರ ಹೆಸರು, ನಂಬರ್, ಊರು ಮೂರೂ ಇರುವ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಕೊಡು, ಕಣ್ಣು ಸ್ವಲ್ಪ ಮಂಜು. ಎರಡೂ ಟೀಮಿನದು ಕೊಡಬೇಕು. ಚಿಕ್ಕಮಗಳೂರಿನವರು ಗೋಲ್ ಹೊಡೆದರೂ ಅಷ್ಟೇ ಜೋರಾಗಿ ಕೂಗುತ್ತೇನೆ, ಆಮೇಲೆ ಬೇಜಾರು ಮಾಡಿಕೊಳ್ಳಬೇಡಿ.